ಕೆಮ್ಮಕ್ಕ

ಆಸ್ಪತ್ರೆಯ ಎಚ್‌ಐವಿ ವಿಭಾಗಕ್ಕೆ ಮಾತ್ರೆಗೆಂದು ಬರುವವರಿಗೆ ಧೈರ್ಯ ಹೇಳುವ, ತಾನೂ ಅದೇ ಮಾತ್ರೆ ನುಂಗುವ ಈ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವಳು ಕೆಮ್ಮಕ್ಕ. ಹಾಡುಗಾರರಿಗೆ ರಾಗ ಹೇಗೋ ಅವಳಿಗೆ ಕೆಮ್ಮು ಹಾಗೆ. ಬಸ್ಸಿನಲ್ಲಿ ಹಿಂದಿನ ಸೀಟಿನವನು ಎರಡು ಸಲ ಕೆಮ್ಮಿದರೆ ಸಾಕು, ಕತ್ತು ತಿರುಗಿಸಿ, "ಎಷ್ಟು ದಿನದಿಂದಪ್ಪಾ ಇದು? ಸಂಜೆ ಹೊತ್ತು ಮೈ ಬಿಸಿ ಆಗುತ್ತಾ?" ಎಂದು ಶುರುಮಾಡುತ್ತಾಳೆ, ಪಾಪ, ಅವನು ತನ್ನ ಸ್ಟಾಪಿಗೆ ಮೊದಲೇ ಇಳಿದುಬಿಡುತ್ತಾನೆ. ಅವಳು ಬೀದಿಗೆ ಬಂದರೆ ಗಂಟಲು ಕೆರೆಯುತ್ತಿರುವವರೂ ಉಗುಳು ನುಂಗಿ ನಗುತ್ತಾರೆ. ಕಫ ಪರೀಕ್ಷೆಯ ಡಬ್ಬಿ ಹಿಡಿದು ಅಂಗಳಕ್ಕೆ ಹೋದವರ ಬೆನ್ನಿಗೇ ಅವಳ ಗದರಿಕೆ: "ಬರೀ ಎಂಜಲು ಉಗುಳಿ ನನಗೆ ಟೋಪಿ ಹಾಕ್ಬೇಡ! ಎದೆಯಾಳದಿಂದ ಬರ್ಲಿ." ಯಾರಾದರೂ ನಾಚಿಕೊಂಡು ಕೆಮ್ಮನ್ನು ಅದುಮಿದರೆ ಮಾತ್ರ ಅವಳಿಗೆ ರೇಗುತ್ತದೆ. "ಬಟ್ಟೆ ಬಾಯಿಗೆ ಹಿಡಿ, ಸದ್ದಿಗೆ ಹಿಡೀಬೇಡ! ಎಚ್‌ಐವಿ ಬಂದ್ಮೇಲೆ ನಮ್ಮ ಮೈಯೊಳಗಿನ ಕಾವಲುಗಾರ ತೂಕಡಿಸ್ತಿರ್ತಾನೆ, ಕ್ಷಯ ಕಳ್ಳನ ಹಾಗೆ ನುಗ್ಗುತ್ತೆ. ಕೆಮ್ಮು ಅಂದ್ರೆ ಮನೆ ನಾಯಿ ಬೊಗಳಿದ ಹಾಗೆ ಕಣಮ್ಮಾ. ಕಳ್ಳ ಬಂದಾಗ ನಾಯಿ ಬಾಯಿ ಕಟ್ತಾರಾ?" ಇಂಥ ಬಾಯಿಬಡುಕಿಯ ಮಂಚದ ಮೇಲೆ ತಲೆದಿಂಬೇ ಇಲ್ಲ, ಮಡಿಚಿದ ಶಾಲಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಕೇಳಿದವರಿಗೆ ಕತ್ತುನೋವು ಎನ್ನುತ್ತಾಳೆ. ತೆಳುಗೋಡೆಯ ಆಚೆಯವರಿಗೆ ಕಾಯಿಲೆಯ ಗುಟ್ಟು ತಿಳಿಯಬಾರದೆಂದು ಅವಳ ಗಂಡ ಕೊನೆಯುಸಿರಿನವರೆಗೂ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮಿದ್ದ. ಸದ್ದು ಹೊರಗೆ ಹೋಗದ ಹಾಗೆ ಆ ದಿಂಬನ್ನು ಹಿಡಿದುಕೊಡುತ್ತಿದ್ದವಳು ಅವಳೇ.