ದಿನಚರಿಯಲ್ಲಿಲ್ಲದ ಉಪ್ಪು

೧೯೯೦ರ ನನ್ನ ದಿನಚರಿಯಲ್ಲಿ ಸೆಪ್ಟೆಂಬರ್ ತಿಂಗಳ ಒಂದು ಪುಟದಲ್ಲಿ ಎರಡೇ ವಾಕ್ಯಗಳಿವೆ. ‘ಐಸ್ ಚೆನ್ನಾಗಿ ಬಂತು. ಒಂದು ಸೀಸೆ ಕೈಜಾರಿ ಒಡೆಯಿತು.’ ಮೊದಲನೆಯದು ನಿಜ, ಎರಡನೆಯದು ಸುಳ್ಳು. ಅದನ್ನು ನಾನೇ ಬರೆದೆ ಎಂಬುದು ಇಷ್ಟು ವರ್ಷ ನನಗೆ ಮರೆತೇ ಹೋಗಿತ್ತು ಎಂದರೆ ನೀವು ನಂಬಬೇಕಿಲ್ಲ. ನಾನೂ ಪೂರ್ತಿ ನಂಬುವುದಿಲ್ಲ. ಮೊನ್ನೆ ಮಗಳು ಪೆಟ್ಟಿಗೆಯ ತಳದಿಂದ ತನ್ನ ಹಳೆಯ ನೋಟ್‌ಬುಕ್ಕೊಂದನ್ನು ತಂದು, ಅದೇ ತಾರೀಖಿನ ಪುಟ ತೆರೆದು ನನ್ನ ಮುಂದಿಟ್ಟಳು. ಹತ್ತು ವರ್ಷದವಳ ದುಂಡು ಅಕ್ಷರ, ಇಂಗ್ಲಿಷಿನಲ್ಲಿ. ಬಂದಾಗ ಒಂಬತ್ತು ಇಂಚು, ಸಂಜೆ ಆರಕ್ಕೆ ಮೂರೂವರೆ. ಅದರ ಪಕ್ಕದಲ್ಲಿ ಒಂದೇ ಪದ: ಉಪ್ಪು.

ಆಗ ನಾವು ಕೊಲ್ಲಿ ದೇಶದ ಅಬು ಹಲೀಫಾದಲ್ಲಿ, ಸಮುದ್ರದಿಂದ ಎರಡು ಬೀದಿ ಒಳಗೆ, ನಾಲ್ಕನೇ ಮಹಡಿಯಲ್ಲಿದ್ದೆವು. ನಾನು ನಗರದ ಶರ್ಕ್ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತ. ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂದ ಮೇಲೆ ಕಚೇರಿಯೂ ಇಲ್ಲ, ಮಗಳಿಗೆ ಶಾಲೆಯೂ ಇಲ್ಲ. ಊರಿಗೆ ಹೊರಡುವ ಬಸ್ಸುಗಳ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವುದೇ ಕೆಲಸ. ಎದುರು ಮನೆಯಲ್ಲಿ ಉಳ್ಳಾಲದ ಬ್ಯಾರಿಯೊಬ್ಬರಿದ್ದರು, ಕಿರಾಣಿ ಅಂಗಡಿಯಲ್ಲಿ ಕೆಲಸ. ಮಗನನ್ನು ನೋಡಿ ಹೋಗಲೆಂದು ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ತಾಯಿ ಅಲ್ಲೇ ಸಿಕ್ಕಿಕೊಂಡಿದ್ದರು. ಮಗ ಕರೆಯುವಂತೆ ನಾವೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು.

ಉಮ್ಮನಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು. ಸೂಜಿ ಕಂಡರೆ ಮಗನಿಗೆ ತಲೆ ತಿರುಗುತ್ತಿತ್ತು. ತನ್ನ ತಂದೆಗೆ ಚುಚ್ಚಿ ಅಭ್ಯಾಸವಿದ್ದ ನನ್ನ ಹೆಂಡತಿ ಆ ಕೆಲಸ ವಹಿಸಿಕೊಂಡಿದ್ದಳು. ಚುಚ್ಚುವ ಮೊದಲು ಉಮ್ಮ ಸೀಸೆಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಕೊಡುತ್ತಿದ್ದರು. ತಳದಲ್ಲಿ ನಿಂತ ಬಿಳಿ ಪುಡಿ ಕದಡಿ ಔಷಧವೆಲ್ಲ ಹಾಲಿನಂತಾಗುತ್ತಿತ್ತು. ಔಷಧದ ಅಂಗಡಿಗಳು ಬರಿದಾಗಿದ್ದವು. ಉಳಿದಿದ್ದು ಎರಡು ಸೀಸೆ. ಒಂದೊಂದು ಮೂರು ವಾರ ಬರಬಹುದು ಎಂಬುದು ಹೆಂಡತಿಯ ಅಂದಾಜು. ಬಸ್ಸು ಯಾವಾಗ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಹಾಗಿರುವಾಗ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ರಿಪೇರಿ ಮಾಡುವವರು ಯಾರೂ ಊರಲ್ಲಿ ಉಳಿದಿರಲಿಲ್ಲ. ಫ್ರಿಜ್ಜು ಬಟ್ಟೆಯ ಬೀರುವಿನಂತೆ ಬೆಚ್ಚಗಾಯಿತು. ಮಧ್ಯಾಹ್ನ ಗೋಡೆ ಮುಟ್ಟಿದರೆ ಕಾವಲಿ ಮುಟ್ಟಿದ ಹಾಗೆ. ತಂಪಿನಲ್ಲಿಡಿ, ಹೆಪ್ಪುಗಟ್ಟಲು ಬಿಡಬೇಡಿ ಎಂದು ಔಷಧದ ಡಬ್ಬಿಯ ಮೇಲೆ ಬರೆದಿತ್ತು. ನಾನು ಅದರ ಮೊದಲರ್ಧ ಮಾತ್ರ ಓದಿದ್ದೆನೋ, ಪೂರ್ತಿ ಓದಿ ಮರೆತೆನೋ, ಈಗ ಹೇಳಲಾರೆ.

ಮೀನು ಮಾರುಕಟ್ಟೆಯ ಪಕ್ಕದ ಐಸ್ ಫ್ಯಾಕ್ಟರಿ ಸ್ವಂತ ಜನರೇಟರಿನಲ್ಲಿ ಬೆಳಿಗ್ಗೆ ಒಂದೆರಡು ಗಂಟೆ ನಡೆಯುತ್ತಿತ್ತು. ಸೀಸೆಗಳನ್ನು ಅಲ್ಲೇ ಇಡುತ್ತೀರಾ ಎಂದು ಬ್ಯಾರಿ ಕೇಳಿದ್ದರಂತೆ. ನಾಳೆ ಈ ಬಾಗಿಲು ತೆರೆದಿರುತ್ತದೆ ಎಂಬ ಭರವಸೆ ನನಗೇ ಇಲ್ಲ ಎಂದನಂತೆ ಅಲ್ಲಿದ್ದವನು. ಹಾಗಾಗಿ ಐಸನ್ನೇ ಮನೆಗೆ ತರಬೇಕಾಯಿತು. ಅಂಗಡಿಯ ಪಿಕಪ್ಪನ್ನು ಸೈನಿಕರು ಒಯ್ದಿದ್ದರು. ಮೊದಲ ದಿನ ಬ್ಯಾರಿ ಒಬ್ಬರೇ ಗೋಣಿಯಲ್ಲಿ ಸುತ್ತಿ ಹೊತ್ತು ನಡೆದರು. ನಡುನಡುವೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊತ್ತು, ಮನೆ ಮುಟ್ಟುವಾಗ ಒಳಗಿದ್ದದ್ದು ಒಂದು ತೆಂಗಿನಕಾಯಿಯಷ್ಟು.

ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ತಲೆಗೆ ಹೊಕ್ಕ ಒಂದು ಸಂಗತಿ ನನಗೆ ಆಗ ನೆನಪಾಯಿತು. ಹಳೆಯ ಕಾಲದ ಗ್ರೀಕರಲ್ಲಿ ಪಂಜಿನ ಓಟ ಎಂಬ ಸ್ಪರ್ಧೆಯಿತ್ತು. ಒಬ್ಬನೇ ಓಡುವುದಲ್ಲ, ಸಾಲಾಗಿ ನಿಂತ ಓಟಗಾರರು ಬೆಂಕಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ದಾಟಿಸಬೇಕು. ಮೊದಲು ಮುಟ್ಟಿದರೆ ಸಾಲದು, ಬೆಂಕಿ ಆರದೆ ಮುಟ್ಟಬೇಕು. ಇದನ್ನು ನಾನು ಮೆಟ್ಟಿಲ ಮೇಲೆ ಕುಳಿತಿದ್ದ ಗಂಡಸರಿಗೆ ಹೇಳಿದೆ. ನಾಲ್ಕು ಜನ ನಾಲ್ಕು ನೆರಳುಗಳಲ್ಲಿ ನಿಲ್ಲೋಣ, ಯಾರೂ ದಣಿಯುವ ಮೊದಲೇ ಐಸು ಕೈ ಬದಲಾಗಲಿ ಎಂದೆ. ನಾಲ್ವರೆಂದರೆ ಬ್ಯಾರಿ, ನಾನು, ಕೆಳಗಿನ ಮನೆಯ ಮಲಯಾಳಿ ಡ್ರೈವರ್, ಎರಡನೇ ಮಹಡಿಯಲ್ಲಿದ್ದ ಉಡುಪಿ ಕಡೆಯ ಹೋಟೆಲ್ ಅಡುಗೆಯವರು. ನಲವತ್ತು ದಾಟಿದ ಹೊಟ್ಟೆಗಳೇ ಎಲ್ಲ.

ಅಡುಗೆಯವರು ನನ್ನನ್ನು ಮಾಷ್ಟ್ರೇ ಎನ್ನುತ್ತಿದ್ದರು, ಅವರಿಂದ ಉಳಿದವರೂ ಕಲಿತರು. ನಾನು ಮಾಷ್ಟ್ರಲ್ಲ, ಆದರೆ ಮಾತನಾಡುವುದು ಹಾಗೆ ಅಂತೆ.

“ಬೆಂಕಿ ಹಿಡ್ಕೊಂಡು ಓಡುವುದು ಎಂತ ದೊಡ್ಡ ವಿಷಯ ಮಾಷ್ಟ್ರೇ? ಅದಕ್ಕೆ ಗಾಳಿ ಬೇಕು. ಇದಕ್ಕೆ ಗಾಳಿಯೇ ಯಮ,” ಎಂದರು.

ಗ್ರೀಕರು ಮೈಮೇಲೆ ಬಟ್ಟೆಯಿಲ್ಲದೆ ಓಡುತ್ತಿದ್ದರು ಎಂದು ನಾನು ಬಾಯಿ ಬಿಟ್ಟದ್ದು ತಪ್ಪಾಯಿತು. ಆಮೇಲೆ ಪ್ರತಿ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟುವಾಗ ಅವರು, “ಆ ಜನಕ್ಕೆ ಬುದ್ಧಿ ಇತ್ತು ಮಾಷ್ಟ್ರೇ. ಲುಂಗಿಯಲ್ಲಿ ಓಡ್ಲಿಕ್ಕೆ ಆಗುವುದಿಲ್ಲ,” ಎಂದು ಗಂಭೀರವಾಗಿ ಹೇಳಿಯೇ ಹೊರಡುತ್ತಿದ್ದರು.

ಓಟ ಎಂದರೆ ಓಟವಲ್ಲ, ಬಿರುನಡಿಗೆ. ಆದರೂ ಎರಡನೇ ದಿನ ಐಸು ಎಂಟು ಇಂಚು ಬಂತು. ಈ ಲೆಕ್ಕ ನನ್ನದಲ್ಲ, ಮಗಳದು. ಅವಳ ಭೂಗೋಳ ಪುಸ್ತಕದಲ್ಲಿ ಧ್ರುವಗಳ ಹಿಮ ಕರಗುತ್ತಿರುವ ಬಗ್ಗೆ ಪಾಠವಿತ್ತು. ರಜೆಗೆ ಮೊದಲು ಟೀಚರು ಅಲ್ಲಿಗೆ ನಿಲ್ಲಿಸಿದ್ದರು, ಇವಳು ಒಬ್ಬಳೇ ಮುಂದುವರಿಸಿದ್ದಳು. ಅಲ್ಲಿಯ ಹಿಮವೆಲ್ಲ ಕರಗಿದರೆ ಇಲ್ಲಿಯ ಸಮುದ್ರ ನಮ್ಮ ಮಹಡಿಗೆ ಬರುತ್ತದೆಯೇ ಎಂದು ಅವಳು ಕೇಳಿದ್ದು ನೆನಪಿದೆ. ನಾಲ್ಕನೇ ಮಹಡಿಗೆ ಬರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಿದ್ದೆ. ವಿಜ್ಞಾನಿಗಳು ಹಿಮವನ್ನು ಅಳೆದು ಬರೆದಿಡುತ್ತಾರೆ ಎಂದು ಓದಿ, ಇವಳೂ ಶಾಲೆಯ ಸ್ಕೇಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ನಾವು ಏದುಸಿರಿನಲ್ಲಿ ಹತ್ತಿ ಬಂದರೆ, ನೀರು ಕುಡಿಯುವ ಮೊದಲೇ ಗೋಣಿ ಬಿಚ್ಚಿ ಅಳೆಯುವುದು. ಮತ್ತೆ ಸಂಜೆ ಆರಕ್ಕೆ ಅಳೆಯುವುದು. ದಾರಿಯ ಸೈನಿಕನೊಬ್ಬ ತನ್ನ ನೀರಿನ ಕ್ಯಾನಿಗೆ ಒಂದು ಮೂಲೆ ಒಡೆದುಕೊಂಡು ಯಲ್ಲಾ, ನಡೆಯಿರಿ ಎಂದು ಬಿಡುತ್ತಿದ್ದ. ಆ ಮೂಲೆಯನ್ನೂ ಅವಳು ಅಂದಾಜಿನಲ್ಲಿ ಬರೆದಿದ್ದಾಳೆ.

ಗೆದ್ದವರಿಗೆ ಗ್ರೀಕರು ಏನು ಕೊಡುತ್ತಿದ್ದರು ಎಂದು ಒಮ್ಮೆ ಕೇಳಿದಳು. ಬೇರೆ ಓಟಗಳಿಗೆ ಎಲೆಯ ಕಿರೀಟ, ಪಂಜಿನ ಓಟಕ್ಕೆ ನೀರಿನ ಹೂಜಿ ಎಂದೆ. ಹಾಗೆ ಓದಿದ್ದೇನೆ ಎಂದು ಈಗಲೂ ಅನಿಸುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ನಮ್ಮದೊಂದು ಮಣ್ಣಿನ ಹೂಜಿಯಿತ್ತು, ಸುತ್ತ ಒದ್ದೆ ಬಟ್ಟೆ ಕಟ್ಟಿದ್ದು. ಅವಳು ಅದನ್ನು ನೋಡಿದಳು. ಅಥವಾ ಆಮೇಲೆ ನಡೆದದ್ದರಿಂದಾಗಿ ನೋಡಿದಳು ಎಂದು ನಾನು ಈಗ ಸೇರಿಸುತ್ತಿದ್ದೇನೆ.

ಇನ್ನು ಉಪ್ಪಿನ ದಿನ. ಅವತ್ತು ಐಸು ಒಂಬತ್ತು ಇಂಚು ಬಂದಿತ್ತು. ಎಲ್ಲರಿಗೂ ಖುಷಿ. ಅದನ್ನು ಒಡೆದು ಥರ್ಮೋಕೋಲ್ ಪೆಟ್ಟಿಗೆಗೆ ತುಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಸೀಸೆಗಳನ್ನು ನಡುವೆ ಹೂತಿಟ್ಟೆವು. ಪೆಟ್ಟಿಗೆ ನಮ್ಮ ಮನೆಯಲ್ಲೇ ಇರುತ್ತಿತ್ತು, ಬ್ಯಾರಿಯ ಮನೆಗೆ ಪಡುವಣ ಬಿಸಿಲು. ಎಲ್ಲರೂ ಹೋದ ಮೇಲೆ ನಾನು ಡಬ್ಬಿಯಿಂದ ಎರಡು ಹಿಡಿ ಕಲ್ಲುಪ್ಪು ತೆಗೆದು ಐಸಿನ ಮೇಲೆ ಎರಚಿದೆ. ನನ್ನ ತಂದೆ ಮಂಗಳೂರಿನಲ್ಲಿ ಮೀನುದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ವ್ಯಾಪಾರಿಯೊಬ್ಬರಲ್ಲಿದ್ದವರು. ಲಾರಿಗೆ ಬಂಗುಡೆ ಮೀನು ತುಂಬುವಾಗ ಐಸಿಗೆ ಉಪ್ಪು ಎರಚುವುದನ್ನು ನಾನು ನೂರು ಸಲ ನೋಡಿದ್ದೆ. ಉಪ್ಪು ಬಿದ್ದರೆ ಚಳಿ ಹೆಚ್ಚು, ಮೀನು ಕಲ್ಲಿನಂತೆ ನಿಲ್ಲುತ್ತದೆ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದುಕೊಂಡೆ.

ಮಗಳು ನೋಡುತ್ತಿದ್ದಳು. ಉಪ್ಪು ಹಾಕಿದರೆ ಐಸು ಬೇಗ ಕರಗುತ್ತದೆ ಎಂದು ಪುಸ್ತಕದಲ್ಲಿದೆ ಎಂದಳು. ಕಡಲ ನೀರು ಬೇಗ ಹೆಪ್ಪುಗಟ್ಟದಿರುವುದು, ಚಳಿ ದೇಶಗಳಲ್ಲಿ ರಸ್ತೆಯ ಹಿಮಕ್ಕೆ ಉಪ್ಪು ಸುರಿಯುವುದು, ಎಲ್ಲ ಆ ಪಾಠದಲ್ಲಿತ್ತು. ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದುದರಿಂದ ಅವಳ ಮಾತಿಗೆ ಪಾಠ ಒಪ್ಪಿಸುವ ಧಾಟಿ ಬರುತ್ತಿತ್ತು. ಅದು ನನ್ನನ್ನು ಕೆಣಕಿತೋ ಏನೋ.

“ಪುಸ್ತಕ ಬರೆದವರು ದಕ್ಕೆ ನೋಡಿದ್ದಾರಾ?” ಎಂದೆ.

ಇಬ್ಬರೂ ಹೇಳಿದ್ದು ಸರಿಯೇ. ಉಪ್ಪು ಐಸನ್ನು ಬೇಗ ಕರಗಿಸುತ್ತದೆ, ಕರಗುವಾಗ ಚಳಿಯನ್ನು ಇನ್ನಷ್ಟು ಇಳಿಸುತ್ತದೆ. ಮೀನಿಗೆ ಅದು ಒಳ್ಳೆಯದು.

ಮರುದಿನ ಬೆಳಿಗ್ಗೆ ಚುಚ್ಚಲು ಸೀಸೆ ತೆಗೆಯಲೆಂದು ಹೆಂಡತಿ ಪೆಟ್ಟಿಗೆ ತೆರೆದಳು. ಐಸು ಬಹುಪಾಲು ನೀರಾಗಿತ್ತು. ಸೀಸೆಯೊಳಗಿನ ಔಷಧ ಒಮ್ಮೆ ಹೆಪ್ಪುಗಟ್ಟಿ ಮತ್ತೆ ಕರಗಿತ್ತು. ಅವಳು ಅದನ್ನು ಉಮ್ಮನಂತೆ ಅಂಗೈಗಳ ನಡುವೆ ಉರುಳಿಸಿದಳು, ಮತ್ತೆ ಮತ್ತೆ ಉರುಳಿಸಿದಳು. ಒಡೆದ ಹಾಲಿನಂತೆ ಬಿಳಿ ಚೂರುಗಳು ಗಾಜಿಗೆ ಅಂಟಿ ನಿಂತವು. ಇದನ್ನು ಚುಚ್ಚುವ ಹಾಗಿಲ್ಲ ಎಂದಳು. ಇನ್ನೊಂದು ಸೀಸೆಗಾಗಿ ನಾನು ಪೆಟ್ಟಿಗೆಗೆ ಮೊಣಕೈತನಕ ಕೈ ಹಾಕಿ ತಡಕಿದೆ. ಅದು ಅಲ್ಲಿರಲಿಲ್ಲ.

ಆ ಹೊತ್ತಿನ ನನ್ನ ಹೆದರಿಕೆಯನ್ನು ಬರೆದು ತೋರಿಸಲು ಹೋದರೆ ಸುಳ್ಳು ಸೇರಿಕೊಳ್ಳುತ್ತದೆ. ಮಗಳು ಬಾಗಿಲಲ್ಲಿ ನಿಂತಿದ್ದಳು, ಇನ್ನೂ ಹಲ್ಲುಜ್ಜಿರಲಿಲ್ಲ. ಕಿಟಕಿಯ ಹೂಜಿಯನ್ನು ತೋರಿಸಿದಳು. ಅದರ ಕುತ್ತಿಗೆಯೊಳಗೆ, ನೀರಿಗೆ ತಾಗದ ಹಾಗೆ, ತನ್ನ ಕೂದಲಿನ ರಿಬ್ಬನ್ನಿನಲ್ಲಿ ಕಟ್ಟಿ ಎರಡನೇ ಸೀಸೆಯನ್ನು ಇಳಿಬಿಟ್ಟಿದ್ದಳು. ಹೆಂಡತಿ ಉರುಳಿಸಿದಳು. ಹಾಲಿನಂತೆ ಕದಡಿತು.

ಒಂದನ್ನೇ ಯಾಕೆ ತೆಗೆದೆ ಎಂದು ನಾನು ಅವಳನ್ನು ಕೇಳಿದ್ದು ಮೊನ್ನೆ, ಆ ನೋಟ್‌ಬುಕ್ಕಿನ ಮುಂದೆ ಕುಳಿತಾಗ. ಈಗ ಅವಳು ಕನ್ನಡದಲ್ಲೇ ಉತ್ತರಿಸುತ್ತಾಳೆ.

“ಎರಡೂ ತೆಗೆದಿದ್ರೆ ನಿಮ್ಮ ಮಾತು ಪೂರ್ತಿ ಮೀರಿದ ಹಾಗೆ ಆಗ್ತಿತ್ತು ಅಪ್ಪ. ಒಂದಾದ್ರೆ ಅರ್ಧ ಮಾತ್ರ.”

ಅಷ್ಟರಲ್ಲಿ ಬ್ಯಾರಿ ತಾಯಿಯನ್ನು ಕರೆದುಕೊಂಡು ಬಂದರು. ನಾನು ಕೆಟ್ಟ ಸೀಸೆಯನ್ನು ಕಸದ ಬುಟ್ಟಿಗೆ ಹಾಕಿಯಾಗಿತ್ತು. ಒಂದು ಸೀಸೆ ಕೈಜಾರಿ ಒಡೆಯಿತು ಎಂದೆ. ಆಮೇಲೆ ದಿನಚರಿಯಲ್ಲಿ ಹಿಂದಿನ ದಿನದ ಐಸಿನ ಸಾಲಿನ ಮುಂದೆ ಅದನ್ನೇ ಬರೆದೂ ಇಟ್ಟೆ. ಹೆಂಡತಿ ನನ್ನ ಮುಖ ನೋಡಲಿಲ್ಲ. ಬ್ಯಾರಿ, “ಇರ್ಲಿ ಮಾಷ್ಟ್ರೇ. ಒಂದು ಉಂಟಲ್ಲ,” ಎಂದರು. ಅವರು ಬೈದಿದ್ದರೆ ನಿಜ ಹೇಳುತ್ತಿದ್ದೆನೇನೋ. ಹೊರಗೆ ಅಡುಗೆಯವರು ಕರೆದರು, ಅವತ್ತಿನ ಐಸಿಗೆ ಹೊರಡುವ ಹೊತ್ತು. ಬ್ಯಾರಿ ಗೋಣಿ ಹೆಗಲಿಗೆ ಹಾಕಿಕೊಂಡು ಇಳಿದರು.

ಉಮ್ಮ ಕುಳಿತಲ್ಲಿಂದ ಎದ್ದು ಪೆಟ್ಟಿಗೆಯ ಹತ್ತಿರ ಬಂದರು. ಕರಗಿದ ನೀರಿಗೆ ಒಂದು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದರು. ಸೆರಗಿನಲ್ಲಿ ಬೆರಳು ಒರೆಸಿಕೊಂಡು ನನ್ನನ್ನು ನೋಡಿದರು.

“ನಾನು ಬಂಗುಡೆಯಾ ಮಗ?”

ನಗುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಕ್ಷಮೆ ಕೇಳಿದ್ದೇನೆ ಎಂದುಕೊಂಡಿದ್ದೇನೆ. ಅವರು ತೋಳು ಚಾಚಿ, ಚುಚ್ಚು ಎಂದು ನನ್ನ ಹೆಂಡತಿಗೆ ಹೇಳಿದರು. ಚುಚ್ಚಿಯಾದ ಮೇಲೆ ಸೀಸೆಯನ್ನು ತಾವೇ ರಿಬ್ಬನ್ನಿಗೆ ಕಟ್ಟಿ ಹೂಜಿಗೆ ಇಳಿಸಿದರು. ಮಗನಿಗೆ ಏನೂ ಹೇಳಲಿಲ್ಲ. ಆ ದಿನದಿಂದ ಸೀಸೆ ಹೂಜಿಯಲ್ಲೇ ಉಳಿಯಿತು. ನಾವು ತಂದ ಐಸಿನಿಂದ ಒಂದೊಂದು ತುಂಡು ಹೂಜಿಯ ನೀರಿಗೆ ಹಾಕುತ್ತಿದ್ದೆವು, ಉಳಿದದ್ದು ಎಲ್ಲರ ಬಾಯಾರಿಕೆಗೆ. ಉಮ್ಮ ಅನ್ನ ಅರ್ಧಕ್ಕಿಳಿಸಿದರು, ಔಷಧವನ್ನೂ ಒಂದಿಷ್ಟು ಇಳಿಸು ಎಂದು ನನ್ನ ಹೆಂಡತಿಯನ್ನು ಕಾಡಿದರು. ಅವಳು ಒಪ್ಪಲಿಲ್ಲ.

ಎಂಟನೆಯ ದಿನ ಅವರ ಹೆಸರು ಪಟ್ಟಿಯಲ್ಲಿ ಬಂತು. ನಮ್ಮದು ಬಂದಿರಲಿಲ್ಲ. ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿನ ದಾರಿ, ಎಷ್ಟು ದಿನವೋ. ಸೀಸೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿತ್ತು. ಬಸ್ಸು ಹೊರಡುವ ಮೈದಾನಕ್ಕೆ ನಾವೆಲ್ಲ ಹೋದೆವು. ಅಡುಗೆಯವರು ಅವಲಕ್ಕಿ ಕಟ್ಟಿಕೊಟ್ಟರು, ಬೆಲ್ಲ ಹಾಕದ್ದು. ಮಗಳು ಹೂಜಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ತಂದಿದ್ದಳು. ಅದನ್ನು ಉಮ್ಮನ ಮಡಿಲಲ್ಲಿಟ್ಟು, ಓಟ ಗೆದ್ದವರಿಗೆ ಇದು ಎಂದಳು, ಅವತ್ತು ಮಾತ್ರ ಕನ್ನಡದಲ್ಲಿ.

“ನಾನು ಎಲ್ಲಿ ಓಡಿದೆ ಮಗಳೇ?” ಎಂದರು ಉಮ್ಮ.

“ಈಗ ಓಡ್ತೀರಲ್ಲ,” ಎಂದಳು.

ನಾನು ಕಿಟಕಿಯ ಬಳಿ ಹೋಗಿ ಬ್ಯಾರಿಗೆ ನಿಜ ಹೇಳಿದೆ. ಸೀಸೆ ಒಡೆಯಲಿಲ್ಲ, ನಾನು ಉಪ್ಪು ಹಾಕಿ ಕೆಡಿಸಿದೆ, ಮಗಳು ಒಂದನ್ನು ಉಳಿಸಿದಳು ಎಂದೆ. ಅವರು ತಲೆಯಾಡಿಸಿ ನನ್ನ ಕೈ ಹಿಡಿದರು. ಇದು ನನ್ನ ನೆನಪು. ಇಷ್ಟು ವರ್ಷ ಇದರ ಆಸರೆಯಲ್ಲೇ ಆ ಪುಟವನ್ನು ತಿರುವಿ ಮುಂದೆ ಹೋಗಿದ್ದೇನೆ.

ಮಗಳು ಹೇಳುವುದು ಬೇರೆ. ಬಸ್ಸಿನ ಎಂಜಿನ್ ಗುಡುಗುತ್ತಿತ್ತು, ನೀವು ಕಿಟಕಿಯ ಹತ್ತಿರ ಹೋದಿರಿ, ಹುಷಾರು ಹುಷಾರು ಎಂದು ಎರಡು ಸಲ ಹೇಳಿ ವಾಪಸು ಬಂದಿರಿ, ನಾನು ನಿಮ್ಮ ಅಂಗಿಯ ಚುಂಗು ಹಿಡಿದೇ ಇದ್ದೆ ಎನ್ನುತ್ತಾಳೆ. ಐಸನ್ನು ಅರ್ಧ ಇಂಚಿನವರೆಗೆ ಸರಿಯಾಗಿ ಬರೆದಿಟ್ಟವಳು ಅವಳು.

ನಾವು ಅಕ್ಟೋಬರಿನಲ್ಲಿ ಹೊರಟೆವು. ಮರುವರ್ಷದ ಆರಂಭದಲ್ಲಿ, ಅಲ್ಲಿ ಯುದ್ಧ ನಡೆಯುತ್ತಿದ್ದಾಗ, ಮಂಗಳೂರಿನ ಮನೆಗೆ ಬ್ಯಾರಿಯ ಒಂದು ಕಾರ್ಡು ಬಂತು. ಅದು ಕಳೆದಿಲ್ಲ, ದಿನಚರಿಯೊಳಗೇ ಇದೆ. ತಾಯಿ ಆರಾಮ, ಅಮ್ಮಾನಿನಲ್ಲಿ ಡಾಕ್ಟರು ಸಿಕ್ಕಿ ಹೊಸ ಔಷಧ ಕೊಟ್ಟರು, ಅಲ್ಲಿಯವರೆಗೆ ಸೀಸೆ ಬಂತು, ಹೂಜಿಯ ಬಾಯಿ ಮಾತ್ರ ದಾರಿಯಲ್ಲಿ ಸ್ವಲ್ಪ ಮುಕ್ಕಾಯಿತು, ಮಗಳಿಗೆ ಬೇಸರ ಬೇಡ ಎಂದು ಹೇಳಿ. ಕೊನೆಯಲ್ಲಿ, ಮಾಷ್ಟ್ರಿಗೆ ಉಮ್ಮನ ಸಲಾಂ. ಉಪ್ಪಿನ ಮಾತಿಲ್ಲ. ನಾನು ಹೇಳಿದ್ದರಿಂದಲೇ ಬರೆಯಲಿಲ್ಲವೋ, ಹೇಳದ್ದರಿಂದ ಗೊತ್ತೇ ಇರಲಿಲ್ಲವೋ, ಕಾರ್ಡಿನಿಂದ ತಿಳಿಯುವುದಿಲ್ಲ.

ನಿನ್ನೆ ಮಗಳ ಎದುರಿಗೆ ದಿನಚರಿಯ ಆ ಪುಟ ತೆರೆದೆ. ‘ಕೈಜಾರಿ ಒಡೆಯಿತು’ ಎಂಬುದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ, ಅದನ್ನು ಬರೆದವನೂ ನಾನೇ. ಕೆಳಗಿನ ಖಾಲಿ ಜಾಗದಲ್ಲಿ ಉಪ್ಪು, ಎರಡು ಹಿಡಿ ಎಂದು ಬರೆದೆ. ಮಗಳು ಪೆನ್ನು ತೆಗೆದುಕೊಂಡು ಎರಡರ ಪಕ್ಕದಲ್ಲಿ ಸೇರಿಸಿದಳು: ಮೂರು.