ಕೂಸಿನ ಹಿಂದೆ ಬರುವುದು

ನನಗೆ ಐದು ತಿಂಗಳು ತುಂಬಿದ ಹೊಸತರಲ್ಲಿ, ನನ್ನ ಗಂಡ ಒಂದು ಸಂಜೆ ಕೆಲಸದಿಂದ ಬಂದವರು ಚಪ್ಪಲಿ ಬಿಡುವಾಗಲೇ ಹೇಳಿದರು: "ಹೊಕ್ಕುಳಬಳ್ಳಿಯ ರಕ್ತ ತೆಗೆದು ಇಡ್ತಾರಂತೆ ಕಣೇ. ನಾವೂ ಇಡಿಸೋಣ."

ನಾವು ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆಯ ಮಹಡಿ ಮನೆಯಲ್ಲಿದ್ದೆವು. ನಾನು ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಅವರದು ತಾರಸಿಗಳ ಮೇಲೆ ಸೋಲಾರ್ ಹೀಟರ್ ಕೂರಿಸುವ ಕೆಲಸ. ಅವತ್ತು ಹೋಗಿದ್ದ ಮನೆಯಲ್ಲಿ ಬಾಣಂತಿ ಇದ್ದಳಂತೆ. ಆ ಮನೆಯವರು ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಯಾವುದೋ ಕಂಪನಿಗೆ ಕೊಟ್ಟು ಇಡಿಸಿದ್ದರಂತೆ. ಮುಂದೆ ಮಗುವಿಗೆ ದೊಡ್ಡ ಕಾಯಿಲೆ ಬಂದರೆ ಅದೇ ರಕ್ತ ಮದ್ದಾಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು.

ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಇವರ ಮುಂದೆ ನಗಲಾಗಲಿಲ್ಲ. ಇವರಿಗೊಬ್ಬ ಅಣ್ಣ ಇದ್ದರು, ಕಾಲೇಜಿಗೆ ಹೋಗುವ ವಯಸ್ಸಿನಲ್ಲೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡವರು. ಅಸ್ಥಿಮಜ್ಜೆ ಬದಲಾಯಿಸಿದರೆ ಬದುಕಬಹುದು, ಒಡಹುಟ್ಟಿದವರದ್ದಾದರೆ ಒಳ್ಳೆಯದು ಎಂದು ಆಗ ಡಾಕ್ಟರು ಹೇಳಿದ್ದರಿಂದ, ಹೈಸ್ಕೂಲಿನಲ್ಲಿದ್ದ ಇವರ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಅದು ಹೊಂದಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ಈ ವಿಷಯ ಹೇಳಿ, "ನಂದು ಸರಿಹೋಗ್ಲಿಲ್ಲ" ಎಂದು ತಲೆ ತಗ್ಗಿಸಿದ್ದರು. ತಾವೇ ಏನೋ ತಪ್ಪು ಮಾಡಿದವರ ಹಾಗೆ.

ಮುಂದಿನ ಭಾನುವಾರ ಕಂಪನಿಯವನು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು. ಟ್ಯಾಬಿನಲ್ಲಿ ನಗುವ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ, "ಹುಟ್ಟಿದ ಆ ಗಳಿಗೆ ಬಿಟ್ರೆ ಈ ಅವಕಾಶ ಮತ್ತೆ ಬರಲ್ಲ ಸಾರ್. ಮುಂದೆ ಒಂದು ದಿನ ಅಯ್ಯೋ ಅನ್ನಿಸ್ಬಾರ್ದಲ್ಲ" ಎಂದ. ನನ್ನ ಗಂಡ ತಲೆಯಾಡಿಸುತ್ತಲೇ ಇದ್ದರು. ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ನನ್ನ ಅತ್ತೆ, ಅವನು ಎದ್ದು ನಿಂತಾಗ ಕೇಳಿದರು:

"ಹೋದವ್ರಿಗೆ ಇದರಿಂದ ಏನಾದ್ರೂ ಆಗುತ್ತೇನಪ್ಪ?"

ಅವನಿಗೆ ಅರ್ಥವಾಗಲಿಲ್ಲ. "ಏನಂದ್ರಿ ಅಮ್ಮ?" ಎಂದ. ಅತ್ತೆ ಮೊರವೆತ್ತಿಕೊಂಡು ಒಳಗೆ ಹೋದರು.

ನನ್ನ ತವರು ಭದ್ರಾವತಿ. ಅಪ್ಪ ಫ್ಯಾಕ್ಟರಿಯಲ್ಲಿದ್ದವರು. ಫ್ಯಾಕ್ಟರಿ ನಿಂತುಹೋಗಿ ವರ್ಷಗಳಾದರೂ ಅಪ್ಪ ಅಮ್ಮ ಹಳೆಯ ಕ್ವಾರ್ಟರ್ಸಿನಲ್ಲೇ ಇದ್ದರು. ಅಕ್ಕಪಕ್ಕದ ಎಷ್ಟೋ ಮನೆಗಳಿಗೆ ಬೀಗ ಬಿದ್ದು, ಅಂಗಳದಲ್ಲಿ ಲಂಟಾನ ಬೆಳೆದಿತ್ತು. ನಾನು ಬಸ್ಸಿನಲ್ಲಿ ಹೋಗಿ ಅಮ್ಮನಿಗೆ ಈ ರಕ್ತದ ಮಾತು ಹೇಳಿದಾಗ ಅವಳು ಕೇಳಿದ್ದು ಒಂದೇ:

"ಅದೆಲ್ಲ ಇರ್ಲಿ. ಮಾಸು ಯಾರಿಗೆ ಕೊಡ್ತಾರೆ?"

ಕೂಸು ಹುಟ್ಟಿದ ಮೇಲೆ ಅದರ ಹಿಂದೆಯೇ ಬೀಳುವ, ಒಂಬತ್ತು ತಿಂಗಳು ಅದನ್ನು ಸಾಕಿದ ಆ ರಕ್ತದ ಮುದ್ದೆಗೆ ನಮ್ಮ ಕಡೆ ಮಾಸು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಪ್ಲಾಸೆಂಟಾ. ಅದನ್ನು ಹಳದಿ ಚೀಲಕ್ಕೆ ಹಾಕಿ, ಉಳಿದ ಕಸದ ಜೊತೆ ಸುಡಲು ಕಳಿಸುತ್ತಾರೆ ಎಂದು ನಾನು ಹೇಳಿದ್ದೇ ತಡ, ಅಮ್ಮನ ಮುಖ ಬಿಳಿಚಿಕೊಂಡಿತು.

"ಸುಡ್ತಾರಾ? ಹಂಗೆಲ್ಲ ಮಾಡೋಕೆ ಬಿಡ್ಬೇಡ ಮಾರಾಯ್ತಿ. ನಿಂದು, ನಿನ್ನ ತಮ್ಮಂದು ಎರಡೂ ಈ ಬಚ್ಚಲ ಹಿಂದೇನೇ ಇದಾವೆ. ಅರಿಶಿನ ಕುಂಕುಮ ಹಾಕಿ, ಉಪ್ಪು ಸುರಿದು, ಆಳವಾಗಿ ಹೂತು ಮೇಲೆ ಕಲ್ಲು ಇಟ್ಟಿದ್ವಿ, ನಾಯಿ ಕೆದರಬಾರ್ದು ಅಂತ. ನಾನು ಬಾಣಂತಿ ಸ್ನಾನ ಮಾಡಿದ ಬಿಸಿನೀರು ಅದರ ಮೇಲೇ ಹರೀತಿತ್ತು. ಅದು ತಣ್ಣಗಿದ್ರೆ ಕೂಸು ತಣ್ಣಗಿರುತ್ತೆ."

"ಈ ಮನೆ ಖಾಲಿ ಮಾಡಿ ಅಂತ ಹೇಳ್ತಿದ್ದಾರಲ್ಲಮ್ಮ. ನಾಳೆ ಇಲ್ಲಿ ಯಾರಿರ್ತಾರೋ."

"ಭೂಮಿ ಎಲ್ಲಿಗೂ ಹೋಗಲ್ಲ. ನೀನು ಕೇಳಿ ಇಸ್ಕೊಂಡು ಬಾ, ಸಾಕು."

ಹೀಗೆ ನಮ್ಮ ಮನೆಯಲ್ಲಿ ಮಗುವಿನ ಹೆಸರಿನ ಬಗ್ಗೆಯಾಗಲಿ, ತೊಟ್ಟಿಲಿನ ಬಗ್ಗೆಯಾಗಲಿ ಒಂದು ಮಾತೂ ನಡೆಯದೆ, ಬಳ್ಳಿ ಮತ್ತು ಮಾಸಿನ ಮಾತೇ ನಡೆಯಿತು. ಕೊನೆಗೆ ಇಬ್ಬರೂ ಡಾಕ್ಟರ ಹತ್ತಿರವೇ ಕೇಳಿದೆವು. ಅವರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದವರು. ನನ್ನ ಗಂಡ ಅಣ್ಣನ ವಿಷಯವನ್ನೂ ಹೇಳಿದರು. ಡಾಕ್ಟರು ಹೇಳಿದರು:

"ನೋಡಿ, ನಿಮ್ಮಣ್ಣನಿಗೆ ಬಂದಂಥ ಕಾಯಿಲೆ ಮಗುವಿಗೆ ಬಂದ್ರೆ ಸಾಮಾನ್ಯವಾಗಿ ಅದರ ರಕ್ತವನ್ನೇ ಅದಕ್ಕೆ ಕೊಡಲ್ಲ. ಕಾಯಿಲೆಯ ಬೀಜ ಆ ರಕ್ತದಲ್ಲೂ ಇರಬಹುದು. ಒಡಹುಟ್ಟಿದವರಿಗೆ ಕೆಲವು ಸಲ ಉಪಯೋಗ ಆಗುತ್ತೆ, ಇಲ್ಲ ಅನ್ನಲ್ಲ."

"ಹಾಗಾದ್ರೆ ಯಾರಿಗಾದ್ರೂ ಬೇಕಾದವರಿಗೆ ದಾನ ಕೊಡ್ಬಹುದಾ ಮೇಡಂ?"

"ಕೊಡ್ಬಹುದಿತ್ತು. ಆದ್ರೆ ಅದನ್ನ ತಗೊಳ್ಳೋ ವ್ಯವಸ್ಥೆ ನಮ್ಮಲ್ಲಿಲ್ಲ. ನನ್ನ ಕೇಳಿದ್ರೆ, ಬಳ್ಳಿ ಕತ್ತರಿಸೋಕೆ ಸ್ವಲ್ಪ ಹೊತ್ತು ಕಾಯೋಣ. ಅದರಲ್ಲಿರೋ ರಕ್ತ ಕೂಸಿನ ಮೈಗೇ ಹರಿದು ಹೋಗ್ಲಿ. ಕಂಪನಿಯವರ ಚೀಲಕ್ಕೆ ತುಂಬಿಸ್ಬೇಕು ಅಂದ್ರೆ ಅಷ್ಟು ಕಾಯೋಕಾಗಲ್ಲ."

ಮಾಸನ್ನು ಮನೆಯವರು ಬರೆದುಕೊಟ್ಟು ಕೇಳಿದರೆ, ಸೋಂಕಿನ ತೊಂದರೆ ಇಲ್ಲದಿದ್ದರೆ, ಮುಚ್ಚಿದ ಡಬ್ಬಿಯಲ್ಲಿ ಕೊಡಿಸಲು ನೋಡುವುದಾಗಿಯೂ ಹೇಳಿದರು.

ನನಗೆ ಅವರ ಮಾತು ಹಿಡಿಸಿತು. ಕೂಸಿನದನ್ನು ಕೂಸಿಗೇ ಬಿಟ್ಟುಬಿಡುವುದು. ಆದರೆ ಹೊರಗೆ ಬಂದು ಸ್ಕೂಟರ್ ಹತ್ತುವಾಗ ಗಂಡ, "ಒಡಹುಟ್ಟಿದವರಿಗೆ ಆಗುತ್ತೆ ಅಂದ್ರಲ್ಲ" ಎಂದರು. ಅಷ್ಟು ಹೊತ್ತಿನ ಮಾತಿನಲ್ಲಿ ಅವರಿಗೆ ಕೇಳಿಸಿದ್ದು ಅದೊಂದೇ. ನಾನು ರೇಗಿದೆ. "ಇನ್ನೂ ಒಂದೂ ಹುಟ್ಟಿಲ್ಲ, ಆಗ್ಲೇ ಇನ್ನೊಂದರ ಕಾಯಿಲೆ ಯೋಚನೆ ಮಾಡ್ತೀರಲ್ರೀ!" ಮನೆಗೆ ಬಂದ ಮೇಲೆ, ಸೀಮಂತ ಮುಗಿಯಲಿ, ಆಮೇಲೆ ತೀರ್ಮಾನ ಮಾಡೋಣ ಎಂದುಕೊಂಡೆವು.

ಎಂಟನೇ ತಿಂಗಳಲ್ಲಿ ಭದ್ರಾವತಿಯಲ್ಲಿ ಸೀಮಂತವಾಯಿತು. ನಾನು ಅಲ್ಲೇ ಉಳಿದೆ. ಒಂದು ಬೆಳಿಗ್ಗೆ ತಿಂಡಿ ತಿಂದು ಎದ್ದವಳಿಗೆ ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು. ಬಿಟ್ಟು ಬಿಟ್ಟು ಬರುವ ನೋವಲ್ಲ, ಬಿಡದೆ ಹಿಡಿದ ನೋವು. ಬಚ್ಚಲಿಗೆ ಹೋಗುವಷ್ಟರಲ್ಲಿ ಕಾಲ ಮೇಲೆ ರಕ್ತ ಇಳಿಯಿತು. ಅಮ್ಮ ಕೂಗಿಕೊಂಡಳು. ಹಿಂದಿನ ಸಾಲಿನ ತಮಿಳರ ಮನೆಯವರ ಓಮ್ನಿಯಲ್ಲಿ ನನ್ನನ್ನು ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೊರಟರು. ದಾರಿಯುದ್ದಕ್ಕೂ ಅಮ್ಮ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಅಲ್ಲಾಡ್ತಾ ಇದೆಯಾ? ಹೇಳೇ, ಅಲ್ಲಾಡ್ತಾ ಇದೆಯಾ?" ಎಂದು ಕೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ನಿಜವಾಗಿ ನನಗೆ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಗಂಡ ನಿಂತಿದ್ದರು. ಸ್ಟ್ರೆಚರಿನ ಪಕ್ಕ ಓಡುತ್ತ ಬಂದು ಏನೋ ಹೇಳಿದರು, ಕೇಳಿಸಲಿಲ್ಲ. ಮಾಸು ಗರ್ಭದ ಗೋಡೆಯಿಂದ ಮುಂಚೆಯೇ ಕಳಚಿಕೊಂಡಿದೆ, ತಕ್ಷಣ ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ಅಷ್ಟೇ ನನಗೆ ನೆನಪಿರುವುದು.

ಮುಂದಿನದನ್ನು ನನಗೆ ಆಮೇಲೆ ಅವರಿವರು ಹೇಳಿದರು. ಹೆಣ್ಣು ಕೂಸು. ಹುಟ್ಟಿದಾಗ ಅಳಲಿಲ್ಲ. ಬಳ್ಳಿಯನ್ನು ಆಗಿಂದಾಗಲೇ ಕತ್ತರಿಸಿ ಉಸಿರು ಕೊಡಲು ಎತ್ತಿಕೊಂಡು ಓಡಿದರು. ಕಾಯುವುದು, ರಕ್ತ ತುಂಬಿಸುವುದು, ಯಾವ ಮಾತಿಗೂ ಅಲ್ಲಿ ಜಾಗವಿರಲಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಹೀಗೇಕಾಯಿತು ಎಂದು ತಿಳಿಯಲು ಮಾಸನ್ನು ಪರೀಕ್ಷೆಗೆ ಕಳಿಸುವುದು ಒಳ್ಳೆಯದು, ಮುಂದಿನ ಬಸುರಿಗೂ ಅನುಕೂಲ, ನೀವು ಒಪ್ಪಿದರೆ ಕಳಿಸುತ್ತೇನೆ ಎಂದರಂತೆ.

ಅಮ್ಮ ಅಡ್ಡ ನಿಂತಳು. ಅವಳ ಸೀರೆಯ ತುಂಬ ನನ್ನ ರಕ್ತವಿತ್ತು.

"ಕೂಸು ಇನ್ನೂ ಉಸಿರಾಡ್ತಾ ಇದೆ. ಮಾಸನ್ನ ಕತ್ತರಿಸಿ ನೋಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ ಅಳಿಯಂದ್ರೆ, ನನಗೆ ಕೊಡಿಸಿ, ಇವತ್ತೇ ತಗೊಂಡು ಹೋಗಿ ಮಣ್ಣು ಮಾಡ್ತೀನಿ."

ನನ್ನ ಗಂಡ ಅಮ್ಮನ ಮುಖ ನೋಡಲಿಲ್ಲವಂತೆ. "ಕಳ್ಸಿ ಡಾಕ್ಟ್ರೆ" ಎಂದರಂತೆ.

ನಾನು ಮಗಳನ್ನು ನೋಡಿದ್ದು ಒಂದೇ ಸಲ, ಮಾರನೆಯ ದಿನ. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದರು. ಬಾಯಿಗೆ ಉಸಿರಿನ ಕೊಳವೆ. ಕತ್ತರಿಸಿ ಉಳಿದ ಹೊಕ್ಕುಳಬಳ್ಳಿಯ ತುಂಡಿನೊಳಗೆ ಇನ್ನೊಂದು ತೆಳ್ಳನೆಯ ಕೊಳವೆ ತೂರಿಸಿದ್ದರು. "ಇಷ್ಟು ಚಿಕ್ಕ ಮಕ್ಕಳಿಗೆ ಬೇರೆ ಕಡೆ ನರ ಸಿಗೋದು ಕಷ್ಟ, ಇದರಲ್ಲೇ ಔಷಧಿ ಕೊಡ್ತೀವಿ" ಎಂದಳು ನರ್ಸ್. ತಿಂಗಳುಗಟ್ಟಲೆ ಆ ಬಳ್ಳಿಗಾಗಿ ಜಗಳವಾಡಿದ್ದೆವು. ಅದು ನನ್ನ ಕಿರುಬೆರಳಿಗಿಂತ ಸಣ್ಣದಿತ್ತು. ನಾನು ಅವಳ ಅಂಗಾಲು ಮುಟ್ಟಿದೆ. ಸಂಜೆಯ ಹೊತ್ತಿಗೆ ಅವಳು ಹೋದಳು.

ವಾರ್ಡಿನಲ್ಲಿ ಅಮ್ಮ ಗೋಡೆಗೊರಗಿ ಕೂತಿದ್ದಳು. ಯಾರ ಕಡೆಗೂ ನೋಡದೆ, "ಹುಟ್ಟೋಕೆ ಮುಂಚೇನೇ ಅದರ ರಕ್ತದ ಮಾತಾಡಿದ್ರು. ಹುಟ್ಟಿದ ಮೇಲೆ ಮಾಸು ಕತ್ತರಿಸಿದ್ರು. ಇನ್ನೆಲ್ಲಿ ಉಳಿಯುತ್ತೆ?" ಎಂದಳು. ನನ್ನ ಗಂಡ ಅಲ್ಲೇ ಕಿಟಕಿಯ ಹತ್ತಿರವಿದ್ದರು. ಉತ್ತರ ಕೊಟ್ಟವರು ನನ್ನ ಅತ್ತೆ. ಸಿಟ್ಟಿನಿಂದಲ್ಲ, ತೀರಾ ಮೆಲ್ಲಗೆ:

"ಬೀಗ್ರೇ, ನನ್ನ ದೊಡ್ಡ ಮಗನ ಮಾಸನ್ನ ನಮ್ಮತ್ತೆ ಕೈಯಾರೆ ಹೂತಿದ್ರು. ಕಲ್ಲೂ ಇಟ್ಟಿದ್ರು. ಅವನೂ ಹೋದ."



ಗಂಡನ ಊರು ಹೊಳಲೂರು. ಅಲ್ಲಿನ ನಮ್ಮವರ ರುದ್ರಭೂಮಿಯಲ್ಲಿ ಅವಳನ್ನು ಮಣ್ಣು ಮಾಡಿದರು. ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ನಾನು ಹೋಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಗಂಡನೇ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಹೋದರೆಂದು ಕೇಳಿದೆ. ಕೂಸಿಲ್ಲವೆಂಬುದು ನನ್ನ ಮೈಗೆ ತಿಳಿಯಲಿಲ್ಲ. ಅವಳನ್ನು ಕಳಿಸಿದ ಮರುದಿನ ಹಾಲು ಬಂತು. ಕುಪ್ಪಸ ತೊಯ್ದು ಜ್ವರ ಕಾಯತೊಡಗಿದಾಗ ಅಮ್ಮ ಗಾಂಧಿ ಬಜಾರಿನಿಂದ ಮಲ್ಲಿಗೆ ತಂದು, ಹಾಲು ಬತ್ತಲಿ ಎಂದು ನನ್ನ ಎದೆಗೆ ಕಟ್ಟಿದಳು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ.

ಪರೀಕ್ಷೆಯ ವರದಿ ಬಂದಾಗ ಇಬ್ಬರೂ ಹೋಗಿ ಡಾಕ್ಟರ ಮುಂದೆ ಕೂತೆವು. ಮಾಸು ಕಳಚಿದ್ದು ನಿಜ, ಹಿಂದೆ ರಕ್ತ ಹೆಪ್ಪುಗಟ್ಟಿದ್ದೂ ನಿಜ. ಏಕೆ ಕಳಚಿತು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. "ಸೋಂಕು ಇರಲಿಲ್ಲ. ನಿಮ್ಮ ಬಿಪಿ ಸರಿಯಾಗಿತ್ತು, ನೀವು ಬಿದ್ದಿರಲಿಲ್ಲ. ಕೆಲವು ಸಲ ಕಾರಣ ಸಿಗಲ್ಲ. ಯಾರೋ ಏನೋ ಮಾಡಿದ್ದರಿಂದ ಆಗಿದ್ದಲ್ಲ ಇದು" ಎಂದರು. ಇಷ್ಟು ತಿಳಿಯುವುದಕ್ಕೇ ಅದನ್ನು ಕತ್ತರಿಸಬೇಕಾಯಿತೇ ಎಂದು ನನಗೆ ಅಳು ಬಂತು. ಗಂಡ ಮಾತ್ರ ವರದಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ಅಮ್ಮ ಮತ್ತು ಅವರ ನಡುವೆ ಮಾತು ನಿಂತೇಹೋಗಿತ್ತು. ಅವಳು ಫೋನ್ ಮಾಡಿದರೆ ಅವರು ನನ್ನ ಕೈಗೆ ಕೊಟ್ಟು ತಾರಸಿಗೆ ಹೋಗುತ್ತಿದ್ದರು. ನಾನು ಒಬ್ಬಳೇ ಭದ್ರಾವತಿಗೆ ಹೋದಾಗ ಅಮ್ಮ ಅಕ್ಕಿ ಆರಿಸುತ್ತ, ತಲೆಯೆತ್ತದೆ ಕೇಳಿದಳು:

"ಏನಂತೆ ರಿಪೋರ್ಟಲ್ಲಿ?"

ಡಾಕ್ಟರು ಹೇಳಿದ್ದನ್ನು ಇದ್ದ ಹಾಗೇ ಹೇಳಿದೆ. ಅವಳ ಕೈ ನಿಂತಿತು.

"ಅವತ್ತು ಬೆಳಿಗ್ಗೆ ನೀನು ಬಗ್ಗಿ ರಂಗೋಲಿ ಹಾಕಿದ್ದಕ್ಕಲ್ವಾ?"

"ಅಲ್ಲಮ್ಮ."

"ನಾನೇ ಹಾಕು ಅಂದಿದ್ದೆ ಕಣೇ. ನನ್ನ ಸೊಂಟ ಹಿಡಿದಿತ್ತು ಅಂತ ನಾನೇ ನಿನ್ನ ಕಳಿಸ್ದೆ."

"ಅದಕ್ಕಲ್ಲ ಅಂತ ಡಾಕ್ಟ್ರೇ ಹೇಳಿದ್ರಮ್ಮ. ಯಾರೋ ಏನೋ ಮಾಡಿದ್ದಕ್ಕಲ್ವಂತೆ."

ಅವಳು ಮೊರದ ಮೇಲೆ ಮುಖವಿಟ್ಟು ಅತ್ತಳು. ಅಷ್ಟೂ ದಿನ ಅಳಿಯನ ಮೇಲೆ ಹೊರಿಸಿದ್ದನ್ನು ಅವಳು ಒಳಗೊಳಗೇ ತನ್ನ ತಲೆಯ ಮೇಲೂ ಹೊತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಆ ಯುಗಾದಿಗೆ ಅವಳೇ ನನ್ನ ಗಂಡನಿಗೆ ಫೋನ್ ಮಾಡಿ, "ಹೋಳಿಗೆ ಮಾಡಿದೀನಿ, ಬನ್ನಿ ಅಳಿಯಂದ್ರೆ" ಎಂದು ಕರೆದಳು. ಅವರು ಹೋಗಿ ಉಂಡು ಬಂದರು. ಇಬ್ಬರೂ ಆ ದಿನದ ಮಾತೆತ್ತಲಿಲ್ಲ. ಇಂದಿಗೂ ಎತ್ತಿಲ್ಲ. ಮಾತುಕತೆ ಇದೆ, ಆದರೆ ಮೊದಲಿನ ಸಲಿಗೆ ಬರಲಿಲ್ಲ.

ನಮಗೆ ಮತ್ತೆ ಮಕ್ಕಳಾಗಿಲ್ಲ. ಆಗಬಾರದೆಂದೇನಿಲ್ಲ, ನಾನೇ ಇನ್ನೂ ಧೈರ್ಯ ಮಾಡಿಲ್ಲ. ಅತ್ತೆ ಆ ವಿಷಯ ಕೇಳುವುದಿಲ್ಲ. ಅದಕ್ಕಾಗಿ ಅವರಿಗೆ ಋಣಿಯಾಗಿದ್ದೇನೆ.

ಈಚೆಗೆ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಚಾಪೆಯ ಮೇಲೆ ಅಡ್ಡಾಗಿದ್ದರು. ಎಷ್ಟೋ ದಿನದಿಂದ ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತನ್ನು ಕೇಳಿಬಿಟ್ಟೆ.

"ರೀ, ನೀವು ಅದನ್ನ ನೋಡಿದ್ರಾ?"

ಯಾವುದನ್ನು ಎಂದು ಅವರು ಕೇಳಲಿಲ್ಲ. "ನೋಡ್ದೆ. ಪರೀಕ್ಷೆಗೆ ಕಳಿಸೋಕೆ ಮುಂಚೆ ತೋರಿಸಿ ಅಂತ ನಾನೇ ಕೇಳ್ದೆ" ಎಂದರು. "ಟ್ರೇನಲ್ಲಿಟ್ಟು ತೋರಿಸಿದ್ರು. ನಮ್ಮ ಊಟದ ತಟ್ಟೆಯಷ್ಟು ಅಗಲ. ಒಂದು ಕಡೆ ಪೂರ್ತಿ ಕಪ್ಪಗೆ ಹೆಪ್ಪುಗಟ್ಟಿತ್ತು. ಬಳ್ಳಿ ಬಿಳಿ ಇತ್ತು, ಹುರಿ ಹೊಸೆದ ಹಾಗೆ."

"ಮತ್ತೆ?"

"ಮುಟ್ಟಿದೆ. ಇನ್ನೂ ಬೆಚ್ಚಗಿತ್ತು." ನನ್ನ ಕಡೆ ಹೊರಳಿದರು. "ಇಷ್ಟು ಭಾಗ ಕಳಚಿಕೊಂಡ್ರೂ ಉಳಿದಿದ್ದು ಕೊನೇವರೆಗೂ ಕೆಲಸ ಮಾಡಿದೆ, ಅದಕ್ಕೇ ಕೂಸು ಜೀವ ಇಟ್ಟುಕೊಂಡು ಬಂತು ಅಂದ್ರು ಡಾಕ್ಟ್ರು. ನಿನಗೆ ಹೇಳ್ಬೇಕು ಅಂತ ಇದ್ದೆ. ಹೇಗೆ ಹೇಳ್ಬೇಕೋ ತಿಳೀಲಿಲ್ಲ."

ನಾನು ಅವರ ಪಕ್ಕದಲ್ಲಿ ಮಲಗಿದೆ. ಒಳಗೆ ಅತ್ತೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.