ಜೀಪಿಗೆ ಅಂಜದ ಚಿಗರಿಗಳು

ಅವರ ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ರೊಟ್ಟಿ ಹಂಚಿನಷ್ಟು ಕಪ್ಪಗಿತ್ತು. ವರ್ಷಗಟ್ಟಲೆ ಆಫ್ರಿಕಾದ ಬಿಸಿಲಿನಲ್ಲಿ ಜೀಪಿನ ಹೊರಗೆ ಇಳಿಬಿಟ್ಟ ಕೈ ಅದು. ಕೊಟ್ಟೂರಿನ ಹತ್ತಿ ಸೇಠರೊಬ್ಬರ ಹಿಂದೆ ಡ್ರೈವರಾಗಿ ನೈರೋಬಿಗೆ ಹೋದವರು, ಅಲ್ಲಿ ಬಿಳಿಯರನ್ನು ಕೂರಿಸಿಕೊಂಡು ಸಿಂಹ, ಆನೆ, ಜಿರಾಫೆ ತೋರಿಸುವ ಕೆಲಸ ಮಾಡಿ, ಎಪ್ಪತ್ತರ ದಶಕದ ನಡುವೆ ಊರಿಗೆ ಮರಳಿದ್ದರು. ನಾನು ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಶಾಲಾ ಶಿಕ್ಷಕಿ. ಓಣಿಯವರಂತೆ ನಾನೂ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದೆ.

ಹಳೇ ಜೀಪೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಭಾನುವಾರ ಮಾತ್ರ ಯಾರು ಕರೆದರೂ ಬರುತ್ತಿರಲಿಲ್ಲ. ಅವರ ಹೆಂಡತಿ ಕಾಕಿಯನ್ನೂ ನನ್ನನ್ನೂ ಹತ್ತಿಸಿಕೊಂಡು ಕೋಗಳಿ ಕಡೆಯ ಹುಲ್ಲುಬಯಲಿಗೆ ಚಿಗರಿ ಎಂಬ ಜಿಂಕೆಗಳನ್ನು ನೋಡಲು ಹೊರಡುತ್ತಿದ್ದರು. ನೋಡುವುದೇನು ಬಂತು! ಎಂಜಿನ್ ಸದ್ದಿಗೇ ಹಿಂಡು ಮಂಗಮಾಯ. "ಮಂದಿ ಗಂಡಂದಿರು ಹೆಂಡ್ರನ್ನ ಸಿನಿಮಾಕ್ಕ ಕರ್ಕೊಂಡು ಹೋಗ್ತಾರ. ನನಗ ಚಿಗರಿ ಕುಂಡಿ ನೋಡೋ ಭಾಗ್ಯ" ಎನ್ನುತ್ತಾ ಕಾಕಿ ರೊಟ್ಟಿ ಗಂಟು ಬಿಚ್ಚುತ್ತಿದ್ದರು.

ಕಾಕಾಗೆ ಅದು ದೊಡ್ಡ ಅವಮಾನ. "ಅಲ್ಲಿ ಸಿಂಹ ಬಂದು ನನ್ನ ಜೀಪಿನ ನೆಳ್ಳಿಗೆ ಮಕ್ಕೊಂತಿತ್ರಿ ಅಕ್ಕೋರ. ಇಲ್ಲಿ ಶಿಕಾರಿಯವ್ರನ್ನ ನೋಡಿ ನೋಡಿ, ಜೀಪಂದ್ರ ಬಂದೂಕು ಅಂತ ತಿಳ್ಕೊಂಡಾವ. ಆ ಅಂಜಿಕಿ ಬಿಡಸ್ತೀನಿ, ನೋಡ್ತಿರ್ರಿ."

ಬಿಡಿಸಿದರು. ಆಫ್ರಿಕಾದಲ್ಲಿ ಕಲಿತ ಪದ್ಧತಿಯೇ ಇಲ್ಲಿಯೂ. ಪ್ರತಿ ವಾರ ಅದೇ ಜಾಲಿ ಮರದ ಹತ್ತಿರ ಎಂಜಿನ್ ಬಂದ್ ಮಾಡಿ ಸುಮ್ಮನೆ ಕೂರಬೇಕು, ಯಾರೂ ಇಳಿಯಬಾರದು, ಮಾತಾಡಬಾರದು. ಕಾಕಿಯ ಬಳೆ ಸದ್ದಿಗೂ ಗದರುತ್ತಿದ್ದರು. ಎರಡು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ತಾಯಿ ಚಿಗರಿಯೊಂದು ಮರಿಯೊಂದಿಗೆ ಬಂದು ಜೀಪಿನ ನೆರಳಲ್ಲೇ ನಿಂತಿತು. ಕಾಕಾ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತರು. ಸುಳ್ಳೇಕೆ ಹೇಳಲಿ, ನಾನೂ ಅತ್ತೆ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಆ ಬಯಲಲ್ಲಿ ಕುರಿ ಕಾಯುವ ಮುದುಕ ಏದುಸಿರು ಬಿಡುತ್ತಾ ಬಂದ. ಯಾರೋ ಪರವೂರಿನವರು ಜೀಪಿನಲ್ಲಿ ಬಂದು ಹಿಂಡಿನ ಅರ್ಧಕ್ಕಿಂತ ಹೆಚ್ಚು ಚಿಗರಿಗಳನ್ನು ಹೊಡೆದು ಒಯ್ದಿದ್ದರು.

"ಓಡ್ಲೇ ಇಲ್ಲಪ್ಪಾ. ನೀನೇ ಬಂದಿ ಅಂತ ತಿಳ್ಕೊಂಡು ಹತ್ರಕ್ಕ ಬಂದ್ವು" ಎಂದ.

ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಜೀಪು ಹತ್ತಿದರು. ನಾವಿಬ್ಬರೂ ಹತ್ತಿದೆವು. ಉಳಿದ ಏಳೆಂಟು ಅದೇ ಜಾಲಿ ಮರದ ಹತ್ತಿರ ಮೇಯುತ್ತಿದ್ದವು. ಹಾರ್ನ್ ಒತ್ತಿ ಹಿಡಿದು ಅವುಗಳ ಮೇಲೆಯೇ ಜೀಪು ನುಗ್ಗಿಸಿದರು. ಇಳಿದು ಕಲ್ಲು ಬೀರಿದರು. "ಓಡ್ರಲೇ! ಅಂಜ್ರಲೇ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಕಾಕಿಯೂ ನಾನೂ ಕಲ್ಲು ಬೀರಿದೆವು. ಅವು ನಾಲ್ಕು ಹಾರು ಹಾರಿ, ತಿರುಗಿ ನಿಂತು, ನಮ್ಮನ್ನೇ ನೋಡಿದವು. ಎಂಥ ಮಳ್ಳ ಜೀವಗಳು!

ಆ ಮಳೆಗಾಲದಲ್ಲಿ ಕಾಕಾಗೆ ಲಕ್ವ ಹೊಡೆಯಿತು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ದೀಪಾವಳಿ ಹೊತ್ತಿಗೆ ಶಿಕಾರಿಯವರು ಉಳಿದವನ್ನೂ ಮುಗಿಸಿದ್ದರು. ಬಯಲಲ್ಲಿ ಒಂದು ಚಿಗರಿಯೂ ಇರಲಿಲ್ಲ. ಆ ಸುದ್ದಿಯನ್ನು ಕಾಕಿ, ನಾನು ಅವರ ಕಿವಿಗೆ ಹಾಕಲಿಲ್ಲ.

ಒಂದು ಸಂಜೆ ತೊದಲುತ್ತಾ ಕೇಳಿದರು: "ಈಗರ ಓಡ್ತಾವೇನ್ರಿ, ಅಕ್ಕೋರ?"

"ಓಡ್ತಾವ ಕಾಕಾ. ಜೀಪಿನ ಸದ್ದು ಕೇಳಿದ್ರ ಸಾಕು, ದಿಕ್ಕಾಪಾಲು ಓಡ್ತಾವ" ಎಂದೆ.

"ಹಂಗಾರ ಉಳ್ಕೊಂಡ್ವು ಬಿಡ್ರಿ" ಎಂದು ಕಣ್ಣು ಮುಚ್ಚಿದರು. ಎರಡು ದಿನಕ್ಕೆ ಹೋದರು, ನನ್ನ ಮಾತನ್ನು ನಂಬಿಕೊಂಡೇ.